ಫ್ಯಾನ್ ಹೋಗಿ ಅಮ್ಮ ಉಳಿದಳು

ಹಲ್ಲಿನ ಡಾಕ್ಟರ ಬಳಿ ತನ್ನ ಸರದಿಗೆ ಕೆನ್ನೆ ಹಿಡಿದು ಕಾಯುತ್ತಿದ್ದ ವ್ಯಾನ್ ಡ್ರೈವರಿಗೆ, ಪಕ್ಕದ ಬೆಂಚಿನ ಅಕ್ಕತಂಗಿಯರ ಮಾತು ಕಿವಿಗೆ ಬೀಳದೆ ಗತಿಯಿರಲಿಲ್ಲ.

“ಅಮ್ಮ ಹಾಡಿದ ಕ್ಯಾಸೆಟ್ಟಾ? ಅದರಲ್ಲಿ ಬರೀ ಫ್ಯಾನ್ ಸದ್ದಲ್ವೇನಕ್ಕ?”

“ಈಗಿಲ್ಲ. ನಾನೇ ತೆಗೆದೆ.”

“ನೀನಾ! ಸ್ಟುಡಿಯೋದವನೇ ಕೈಚೆಲ್ಲಿದ್ನಲ್ಲ!”

“ಅವನು ಕೈಚೆಲ್ಲಿದ್ರೆ ನಾನೂ ಚೆಲ್ಲಬೇಕಾ? ನೆಟ್ಟಲ್ಲಿ ಪುಕ್ಕಟೆ ಸಾಫ್ಟ್‌ವೇರ್ ಸಿಗುತ್ತೆ. ಬರೀ ಫ್ಯಾನ್ ಕೇಳೋ ಜಾಗ ತೋರಿಸಿ ‘ಇವನೇ ಕಳ್ಳ’ ಅಂದ್ರೆ ಸಾಕು, ಹಾಡಿನುದ್ದಕ್ಕೂ ಹುಡುಕಿ ಓಡಿಸುತ್ತೆ.”

“ಭಾವ ಹೇಳ್ಕೊಟ್ರಾ?”

“ನಿನ್ನ ಭಾವನಿಗೆ ಕಂಪ್ಯೂಟರ್ ಆಫ್ ಮಾಡೋಕೂ ನಾನೇ ಬೇಕು! ಮೊದಲ ಸಲ ಜಾಸ್ತಿ ಉಜ್ಜಿಬಿಟ್ಟೆ, ಅಮ್ಮ ಕೊಡದೊಳಗೆ ಕೂತು ಹಾಡಿದ ಹಾಗಾಯ್ತು. ಬಿಡ್ತೀನಾ? ಮತ್ತೆ ಮೊದಲಿಂದ ಕೂತೆ. ತಗೋ, ಕೇಳು.”

ತಂಗಿ ಇಯರ್‌ಫೋನ್ ಸಿಕ್ಕಿಸಿಕೊಂಡಳು. ಕಣ್ಣು ತುಂಬಿತು. ಮರುಗಳಿಗೆಗೇ ನಕ್ಕಳು.

“ಮಧ್ಯದಲ್ಲಿ ಹಾಡು ನಿಲ್ಲಿಸಿ ‘ಸುಮ್ನಿರೇ ಕೋತಿ’ ಅಂತ ನನ್ನ ಬೈತಾಳಲ್ಲಕ್ಕ! ಅದನ್ನ ತೆಗೆಯೋಕಾಗಲಿಲ್ವಾ?”

“ಯಾಕಾಗಲ್ಲ? ಒಂದು ಬಟನ್ ಒತ್ತಿದ್ರೆ ಹೋಗುತ್ತೆ. ಆದ್ರೆ ಹೋಗಬೇಕಾದ್ದು ಫ್ಯಾನು ಕಣೇ, ಅಮ್ಮ ಅಲ್ಲ.”

ನರ್ಸ್ ಕರೆದಳು. ಎದ್ದ ಅಕ್ಕ ತಿರುಗಿ ನೋಡಿದಳು. ತಂಗಿ ಕಣ್ಣು ಮುಚ್ಚಿ ಕೇಳುತ್ತಲೇ ಇದ್ದಳು. ಡ್ರೈವರನ ಕೈ ಯಾವಾಗಲೋ ಕೆನ್ನೆ ಬಿಟ್ಟಿತ್ತು.

“ಬಾರೇ ಕೋತಿ,” ಅಂದಳು ಅಕ್ಕ.