ಮಗ್ಗ ನಿಂತ ದಿನ

ಅಧ್ಯಕ್ಷರಾದ ತಿರುಮಲೈಸಾಮಿಯವರೇ, ಕಾಲೇಜಿನಿಂದ ಬಂದಿರುವ ಪ್ರೊಫೆಸರ್ ಅಮ್ಮನವರೇ, ಸೂಲೂರು ಸುತ್ತಿನ ನಮ್ಮ ನೇಕಾರ ಮನೆತನಗಳ ಹಿರಿಯರೇ, ಊಟದ ಬಾಗಿಲ ಕಡೆಗೇ ಕಣ್ಣಿಟ್ಟು ಕುಳಿತಿರುವ ಸಭಿಕರೇ,

ನಾನು ಓದಿದ್ದು ಮೂರನೇ ಕ್ಲಾಸು. ಎರಡು ಮಾತು ಸಾಕೆಂದು ಅಧ್ಯಕ್ಷರು ಅಪ್ಪಣೆ ಕೊಟ್ಟಿದ್ದಾರೆ. ಅವರ ಎರಡು ಮಾತಿಗೆ ಮುಕ್ಕಾಲು ಗಂಟೆ ಹಿಡಿಯಿತು. ನನಗೂ ಅದೇ ಅಳತೆ ಇರಲಿ.

ನೀವು ಸನ್ಮಾನ ಮಾಡಿದ ಇಲಕ್ಕಿಯಾ ನನ್ನ ಮಗನ ಮಗಳು. ಟೀಚರ್ ಆಗಿ ಆರು ವರ್ಷವಾಯಿತು. ಕೆಲಸ ಸಿಕ್ಕಿದ ಮೇಲೂ ಓದುವವರುಂಟೇ? ಇವಳು ವಿಶೇಷ ಶಿಕ್ಷಣದಲ್ಲಿ ಎಂ.ಎಡ್. ಮಾಡುತ್ತೇನೆಂದಳು. ಕಣ್ಣು ಕಾಣದವರು, ಕಿವಿ ಕೇಳದವರು, ನಿಧಾನವಾಗಿ ಕಲಿಯುವವರು, ಎಲ್ಲ ಮಕ್ಕಳನ್ನೂ ಒಂದೇ ಕ್ಲಾಸಿನಲ್ಲಿ ಕೂರಿಸಿ ಹೇಗೆ ಕಲಿಸುವುದೆಂಬ ಓದಂತೆ. "ಮೊದ್ಲು ಸಾಂಬಾರಿಗೆ ಉಪ್ಪು ಹಾಕೋದು ಕಲಿ ನನ್ನ ಕಣ್ಣು, ಆಮೇಲೆ ಲೋಕಕ್ಕೆ ಕಲಿಸ್ವೆ" ಎಂದೆ. ಓದು ಮುಗಿಯಿತು. ಸಾಂಬಾರು ಹಾಗೆಯೇ ಇದೆ.

ಮೊದಲ ಸಾಲಿನಲ್ಲಿ ಹಸಿರು ಸೀರೆ ಉಟ್ಟು ಕುಳಿತವಳು ನನ್ನ ಮಗಳು ಈಶ್ವರಿ, ಇಲಕ್ಕಿಯಾಳ ಸೋದರತ್ತೆ. ನಲವತ್ತನಾಲ್ಕು ವರ್ಷ. ನಾನು ಆಡುವುದನ್ನೆಲ್ಲ ಇಲಕ್ಕಿಯಾ ಇಲ್ಲಿ ಪಕ್ಕದಲ್ಲಿ ನಿಂತು ಅವಳಿಗೆ ಕೈಯಲ್ಲಿ ಹೇಳುತ್ತಿದ್ದಾಳೆ. ಯಾಕೆ? ಅದನ್ನು ಹೇಳಲಿಕ್ಕೇ ಈ ಮೈಕು ಕೇಳಿ ಪಡೆದೆ.

ನಮ್ಮದು ನಾಲ್ಕು ಕರೆಂಟ್ ಮಗ್ಗದ ಮನೆ. ಮಗ್ಗದ ಸದ್ದಿನಲ್ಲಿ ಯಾರಾದರೂ ಮೆಲ್ಲಗೆ ಮಾತಾಡುತ್ತಾರೆಯೇ? ಮುಖಕ್ಕೆ ಮುಖ ಕೊಟ್ಟು ಕೂಗುತ್ತೇವೆ, ಇಲ್ಲವೇ ಕೈ ಮಾಡುತ್ತೇವೆ. ಐದು ಬೆರಳು ಬಾಯಿಗೆ ಒಯ್ದರೆ ಊಟಕ್ಕೆ ಬಾ ಎಂದು. ಎರಡು ಬೆರಳು ಕತ್ತರಿಯಾಡಿಸಿದರೆ ಎಳೆ ಹರಿದಿದೆ ಎಂದು. ಎರಡೂ ಕೈಯ ಬೆರಳ ತುದಿ ಸೇರಿಸಿ ಹೊಸೆದರೆ, ಹರಿದದ್ದು ನನ್ನಿಂದ, ಗಂಟು ನಾನೇ ಹಾಕುತ್ತೇನೆ ಎಂದು. ಆ ಮನೆಯಲ್ಲಿ ಈಶ್ವರಿ ಯಾರಿಗೇನು ಕಡಿಮೆಯಿದ್ದಳು? ಬೆರಳು ಎತ್ತುವ ಮೊದಲೇ ಓಡಿ ಬರುತ್ತಿದ್ದಳು.

ಅವಳು ಎರಡನೇ ಕ್ಲಾಸಿನಲ್ಲಿದ್ದಾಗ ಶಾಲೆಯ ವಾದ್ಯಾರು ನನ್ನನ್ನು ಕರೆಸಿದರು. "ಹೆಸರು ಹಿಡಿದು ಕೂಗಿದ್ರೂ ತಿರುಗೋದಿಲ್ಲಮ್ಮಾ. ನಾಲಿಗೆಯೂ ಹೊರಳೋದಿಲ್ಲ. ಇವಳ ತಲೆಗೆ ಹತ್ತೋದಿಲ್ಲ" ಎಂದರು. ಅಂಗಡಿಯವನು ತೂಗಿದ ಬೇಳೆಯನ್ನು ಮನೆಗೆ ಬಂದು ಇನ್ನೊಮ್ಮೆ ತೂಗುವ ಹೆಂಗಸು ನಾನು. ಆ ಒಂದು ಮಾತನ್ನು ಮಾತ್ರ ತೂಗದೆ ತಂದೆ. ಕಿವಿ ಹಿಂಡಿಕೊಂಡೇ ಅವಳನ್ನು ಮನೆಗೆ ಎಳೆದು ತಂದೆ. ಎಡಗಿವಿ. ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತಲು ಕೂರಿಸಿದೆ. ಹೆಣ್ಣು ನೋಡಲು ಬಂದವರಿಗೆ, ಅವರು ಕೇಳುವ ಮೊದಲೇ, "ಬುದ್ಧಿ ಸ್ವಲ್ಪ ಮಂದ" ಎಂದವಳೂ ನಾನೇ. ಬಂದವರು ಕಾಫಿ ಕುಡಿದು ಎದ್ದು ಹೋದರು.

ಎರಡು ವರ್ಷದ ಹಿಂದೆ, ತಿಂಗಳಿಗೊಮ್ಮೆ ಕರೆಂಟ್ ನಿಲ್ಲಿಸುತ್ತಾರಲ್ಲ, ಆ ದಿನ. ಮಗ್ಗ ನಿಂತಿತ್ತು. ಇಲಕ್ಕಿಯಾ ಓದಿನ ಪುಸ್ತಕ ಹಿಡಿದು, ಮಕ್ಕಳ ಕಿವಿ ಪರೀಕ್ಷಿಸುವುದನ್ನು ಅಭ್ಯಾಸ ಮಾಡಬೇಕೆಂದು ಈಶ್ವರಿಯ ಬೆನ್ನ ಹಿಂದೆ ಹೋಗಿ ನಿಂತಳು. "ಅತ್ತೇ" ಎಂದಳು. ಮತ್ತೆ ಜೋರಾಗಿ "ಅತ್ತೇ" ಎಂದಳು. ಚಮಚ ತೆಗೆದು ತಟ್ಟೆಗೆ ಬಡಿದಳು. ಈಶ್ವರಿ ನೂಲು ಸುತ್ತುತ್ತಲೇ ಇದ್ದಳು.

"ಬಿಡು ಕಣ್ಣು, ಮಗ್ಗ ನಿಂತ ದಿನ ಅವಳಿಗೆ ಮುನಿಸು. ಹುಟ್ಟಿದಾಗಿಂದ ಇದೇ ಕೊಬ್ಬು" ಎಂದೆ.

ಅವಳು ಚಮಚ ಕೆಳಗಿಟ್ಟಳು. "ಅಜ್ಜೀ, ಮಗ್ಗ ಓಡುವಾಗ ನಾವೆಲ್ಲಾರೂ ಅತ್ತೆ ತರಾನೇ ಇರ್ತೀವಿ. ನಿಂತಾಗ ಅತ್ತೆ ಒಬ್ಳೇ ಆಗ್ಬಿಡ್ತಾಳೆ" ಎಂದಳು.

ನಾನು ಒಳಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಕೊಯಮತ್ತೂರಿನ ಡಾಕ್ಟರೂ ಅದನ್ನೇ ಹೇಳಿದರು. ಬುದ್ಧಿಗೆ ಏನೂ ಆಗಿಲ್ಲ, ಮಂದವಾದದ್ದು ಕಿವಿ. ಮಿಷನ್ ಹಾಕಿದರು. ಈಗ ಅರ್ಧಂಬರ್ಧ ಕೇಳುತ್ತದೆ. ಹಾಕಿದ ದಿನ ಅವಳು ತೊದಲುತ್ತಲೇ ಆಡಿದ ಮೊದಲ ಮಾತೇನು ಗೊತ್ತೇ? "ಅವ್ವಾ, ನೀನ್ಯಾಕೆ ಇಷ್ಟು ಕೂಗ್ತೀಯ?" ನಗಿರಿ, ನಗಿರಿ. ನಾನೂ ನಕ್ಕೆ. ಆದರೆ ಹೇಳಬೇಕಾದ ಮಾತು ಅಂದಿನಿಂದ ಹಾಗೆಯೇ ಉಳಿದಿದೆ. ಮನೆಯೊಳಗೆ ಹೇಳಿಬಿಡಬಹುದಿತ್ತು. ಆದರೆ ದಡ್ಡಿ ಎಂದು ಊರಿಗೆಲ್ಲ ಸಾರಿದವಳು ಅಡುಗೆಮನೆಯಲ್ಲಿ ತಪ್ಪೊಪ್ಪಿಕೊಂಡರೆ ಸಾಕೇ? ಅಂದು ಕಾಫಿ ಕುಡಿದು ಹೋದವರಲ್ಲಿ ಇಬ್ಬರು ಇಲ್ಲೇ ಕುಳಿತಿದ್ದೀರಿ. ಕೇಳಿಸಿಕೊಳ್ಳಿ. ನನ್ನ ಮಗಳು ದಡ್ಡಿಯಲ್ಲ. ದಡ್ಡಿ ಇಲ್ಲಿ ಮೈಕಿನ ಮುಂದೆ ನಿಂತಿದ್ದಾಳೆ.

ಇಲಕ್ಕಿಯಾ, ನೀನು ಕೈ ಇಳಿಸು ಕಣ್ಣು. ಇದನ್ನು ನಾನೇ ಹೇಳಬೇಕು. ಅಧ್ಯಕ್ಷರೇ, ಮೈಕು ಸ್ವಲ್ಪ ಹಿಡಿದುಕೊಳ್ಳಿ, ನನಗೆ ಎರಡೂ ಕೈ ಬೇಕು.

ಈಶ್ವರೀ, ಇಲ್ಲಿ ನೋಡು. ಇಗೋ, ಎರಡೂ ಕೈಯ ಬೆರಳು. ಹೊಸೆಯುತ್ತಿದ್ದೇನೆ. ನೋಡಿದೆಯಾ?

ಎದ್ದು ನಿಂತಳು. ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ಕಂಡಿರಾ ಸಭಿಕರೇ, ಐದು ಬೆರಳೂ ಬಾಯಿಗೆ ಒಯ್ದು ತೋರಿಸುತ್ತಿದ್ದಾಳೆ! ಅದರ ಅರ್ಥ ನಿಮಗೆ ಇನ್ನೊಮ್ಮೆ ಹೇಳಬೇಕೇ?

ನನ್ನ ಮೊಮ್ಮಗಳಿಗೆ ಶಾಲು ಹೊದಿಸಿದ ನಿಮಗೂ, ಅವಳಿಗೆ ಕಲಿಸಿದ ಪ್ರೊಫೆಸರ್ ಅಮ್ಮನವರಿಗೂ, ಮೈಕು ಹಿಡಿದು ನಿಂತ ಅಧ್ಯಕ್ಷರಿಗೂ ಈ ಮುದುಕಿ ಋಣಿ. ಮಗಳು ಊಟಕ್ಕೆ ಕರೆಯುತ್ತಿದ್ದಾಳೆ, ಹೊರಟೆ. ನಮಸ್ಕಾರ.