ಮೂರನೆಯ ನಿಲುಗಡೆಯಲ್ಲಿ ಅಮ್ಮ ಇಳಿಯಲಿಲ್ಲ

ಸಭಾಧ್ಯಕ್ಷರೇ, ವೇದಿಕೆಯ ಗಣ್ಯರೇ, ಬಿಸಿಲಲ್ಲಿ ಕಾರು ನಿಲ್ಲಿಸಿ ಒಳಬಂದಿರುವ ಸಭಿಕರೇ,

ನಮ್ಮೂರಿನವರೇ ಆದ ದಿವಂಗತ ರಾಷ್ಟ್ರಪತಿಗಳು ಹುಟ್ಟಿದ ಮನೆಯಿಂದ ಅವರು ಕೊನೆಯುಸಿರೆಳೆದ ಬಂಗಲೆಯವರೆಗೆ ಕಾರಿನಲ್ಲಿ ನೋಡಿಬರುವ ಈ 'ಪರಂಪರೆಯ ದಾರಿ'ಯನ್ನು ಉದ್ಘಾಟಿಸಲು, ಅವರು ಓದಿದ ಶಾಲೆಯ ಮುಖ್ಯೋಪಾಧ್ಯಾಯಿನಿಯಾದ ನನ್ನನ್ನು ಕರೆದಿದ್ದೀರಿ. ಪ್ರತಿ ವರ್ಷ ಅವರ ಜನ್ಮದಿನದಂದು ನಾನು ಭಾಷಣ ಮಾಡುತ್ತೇನೆ, ಮಕ್ಕಳು ನಿದ್ದೆ ಮಾಡುತ್ತಾರೆ. ಇಂದು ನಿಮಗೆ ನಿದ್ದೆ ಬಾರದು. ನನಗಂತೂ ನಿನ್ನೆಯಿಂದ ಬಂದಿಲ್ಲ.

ನಿನ್ನೆ ಸಮಿತಿಯವರು ನನ್ನನ್ನೂ ನನ್ನ ತಾಯಿಯನ್ನೂ ಈ ದಾರಿಯಲ್ಲಿ ಕರೆದೊಯ್ದರು. ಮೂರನೆಯ ನಿಲುಗಡೆ, ಹೊಳೆಯ ಸೇತುವೆ. 'ಯುವ ಎಂಜಿನಿಯರ್ ಆಗಿ ಅವರು ದಾಖಲೆ ವೇಗದಲ್ಲಿ ಕಟ್ಟಿಸಿದ ಸೇತುವೆ' ಎಂದಿದೆ ಫಲಕ. ಎಲ್ಲರೂ ಇಳಿದರು. ಅಮ್ಮ ಇಳಿಯಲಿಲ್ಲ.

"ಕಾಲು ನೋವಾ ಅಮ್ಮಾ?"

"ನಿಮ್ಮಪ್ಪ ಪ್ರವಾಹದಲ್ಲಿ ಕೊಚ್ಚಿಹೋಗ್ಲಿಲ್ಲ ಕಣೇ. ಇಲ್ಲಿ ಕೆಲಸ ಮಾಡ್ತಿದ್ದಾಗ ಈ ಸೇತುವೆ ಒಂದು ಕಡೆ ಕುಸಿದು, ಅಡಿ ಸಿಕ್ಕೊಂಡು ಸತ್ತರು. ಮಂತ್ರಿ ಬರ್ತಾರೆ ಅಂತ ಕಾಂಕ್ರೀಟ್ ಹಸಿ ಇರೋವಾಗಲೇ ಇವನು ಕೆಳಗೆ ಆನಿಸಿದ್ದ ಸೆಂಟ್ರಿಂಗ್ ಹಲಗೆ ಬಿಚ್ಚಿಸಿದ. ನಾಲ್ಕು ಜನ ಹೋದ್ರು. ಪ್ರವಾಹ ಅಂತ ಊರಿಗೆಲ್ಲ ಹೇಳಿದ್ರು."

ನಾನು ತೊಟ್ಟಿಲಲ್ಲಿದ್ದಾಗ ಸತ್ತ ಅಪ್ಪ! ವರ್ಷವರ್ಷವೂ ನಾನೇ ಹೊಗಳಿದ ಸೇತುವೆ!

"ಇಷ್ಟು ವರ್ಷ ಯಾಕಮ್ಮಾ ಹೇಳ್ಲಿಲ್ಲ?"

"ಅವನೇ ಮನೆಗೆ ಬಂದಿದ್ದ. ಅಡುಗೆಮನೆ ಹೊಸ್ತಿಲಲ್ಲಿ ಕೂತು ಬಿಕ್ಕಿಬಿಕ್ಕಿ ಅತ್ತ. 'ತಪ್ಪು ನಂದೇ ಅಕ್ಕಾ, ಎಲ್ಲರೆದುರು ಒಪ್ಕೋತೀನಿ' ಅಂದ. ನಾನು ಕಾದೆ. ಅವನು ದೇಶಕ್ಕೇ ರಾಷ್ಟ್ರಪತಿ ಆದ. ಆಮೇಲೆ ನೀನು ಭಾಷಣ ಮಾಡೋಕೆ ಶುರು ಮಾಡಿದೆ. ಮೊದಲ ಸಾಲಲ್ಲಿ ಕೂತು ಕೇಳ್ತಿದ್ದೆ. ಮಗಳ ಬಾಯಿಗೆ ಹ್ಯಾಗೆ ಕೈ ಅಡ್ಡ ಇಡ್ಲಿ?"

ಸಭಿಕರೇ, ಆ ಮನುಷ್ಯ ಅತ್ತದ್ದು ಸುಳ್ಳಲ್ಲ ಎನ್ನುತ್ತಾರೆ ಅಮ್ಮ. ಇರಬಹುದು. ಆದರೆ ಅತ್ತದ್ದು ನಮ್ಮ ಅಡುಗೆಮನೆಯಲ್ಲಿ, ಹಾರ ಹಾಕಿಸಿಕೊಂಡದ್ದು ಸೇತುವೆಯ ಮೇಲೆ!

ಬೆಳಿಗ್ಗೆ ಸಮಿತಿಯ ಕಾರ್ಯದರ್ಶಿಗಳಿಗೆ ಎಲ್ಲವನ್ನೂ ಹೇಳಿದೆ. "ಮೇಡಂ, ಫಲಕ ಆಗ್ಲೇ ಹಾಕ್ಸಿಬಿಟ್ಟಿದ್ದೀವಲ್ಲಾ!" ಎಂದರು.

ಸೇತುವೆಯನ್ನು ದಾರಿಯಿಂದ ಕೈಬಿಡಿ ಎಂದು ನಾನು ಕೇಳುವುದಿಲ್ಲ. ಜನ ಅಲ್ಲಿ ನಿಲ್ಲಲಿ, ಆ ನಾಲ್ವರ ಹೆಸರನ್ನೂ ಓದಲಿ. ಕಾರುಗಳಿಗೆ ಬೀಸಲೆಂದು ನನ್ನ ಕೈಗೆ ಹಸಿರು ಬಾವುಟ ಕೊಟ್ಟಿದ್ದೀರಿ. ಆ ಹೆಸರುಗಳನ್ನು ಕೆತ್ತಿಸುವವರೆಗೆ ಅದು ನನ್ನ ಕೈಚೀಲದಲ್ಲಿರುತ್ತದೆ. ಸಿಟ್ಟಾದವರು ಬೇರೆ ಬಾವುಟ ಹುಡುಕಿಕೊಳ್ಳಬಹುದು.

ನಡುವೆ ಮೈಕು ಆರಿಸದಿದ್ದ ಸಂಘಟಕರಿಗೂ, ಎದ್ದುಹೋಗದ ನಿಮಗೂ ಋಣಿ. ಅಮ್ಮಾ, ಏಳಿ, ಮನೆಗೆ ಹೋಗೋಣ. ಎಲ್ಲರಿಗೂ ನಮಸ್ಕಾರ.