ಸೈಲಸ್ ಬರೆಯದ ಹೆಂಗಸು

ದೀಪ ಒಂಚೂರು ಏರಿಸಿ, ಹೇಳ್ತೀನಿ. ಇದು ನಮ್ಮ ಪಕ್ಕದ ಮನೆ ಸೈಲಸ್‌ಗೆ ಆದದ್ದು.

ಲಂಡನ್ನಿನ ವಾರಪತ್ರಿಕೆಯೊಂದಕ್ಕೆ ಮಸಿಯಲ್ಲಿ ಚಿತ್ರ ಬರೆಯೋದು ಅವನ ಕಸುಬು. ರಾಜರಾಣಿಯರನ್ನಲ್ಲ, ಬಟ್ಟೆ ಒಗೆಯೋರು, ಮೀನು ಮಾರೋರು, ಬೀದಿ ಮಕ್ಕಳು... ನಮ್ಮಂಥೋರನ್ನ.

ಆ ರಾತ್ರಿ ಮಂಜು ಕವಿದಿತ್ತು. ಚರ್ಚಿನ ಹಿಂದಿನ ನೀರಿನ ಪಂಪಿನ ಪಕ್ಕ ಹಾದು ಬರ್ತಿದ್ದ. ಕಾಲರಾ ಬಂದ ವರ್ಷ, ಆ ನೀರು ಕುಡಿದೋರೇ ಸಾಯ್ತಿದಾರೆ ಅಂತ ಅದರ ಹಿಡಿ ಕಿತ್ತುಹಾಕಿದ್ದರು. ಆದರೂ... ಕಿರ್ರ್... ಕಿರ್ರ್... ಯಾರೋ ಪಂಪು ಒತ್ತೋ ಸದ್ದು. ಆಮೇಲೆ ತಗಡಿನ ಲೋಟಕ್ಕೆ ನೀರು ಬಿದ್ದ ಸದ್ದು. ಅವನು ತಿರುಗಿ ನೋಡಲಿಲ್ಲ.

ಮನೆಗೆ ಬಂದು ಅರ್ಧ ಬರೆದಿದ್ದ ಚಿತ್ರ ಮುಂದಿಟ್ಟುಕೊಂಡ. ಒಂದು ಬೀದಿ. ಬಾಗಿಲು ತೆರೆದ ಮನೆಯ ಹೊಸ್ತಿಲಲ್ಲಿ ಕೂತ ಹುಡುಗಿ. ಮಗಳು ಟಿಲ್ಲಿಯನ್ನೇ ಕೂರಿಸಿ ಬರೆದದ್ದು. ಹೆಂಡತಿ ಹೆಪ್ಸಿ ಬಗ್ಗಿ ನೋಡಿದಳು.

"ಮೂಲೇಲಿ ನಿಂತಿರೋಳು ಯಾರ್ರೀ?"

"ಯಾವ ಮೂಲೆ?"

"ಇವಳೇ, ಲೋಟ ಹಿಡ್ಕೊಂಡೋಳು. ಬರಿಗಾಲಲ್ಲಿ."

"ನಾನು ಬರ್ದೇ ಇಲ್ವಲ್ಲೇ..."

"ಹೂಂ, ಮಸಿಕುಡಿಕೆನೇ ಎದ್ದು ಬರ್ದಿರ್ಬೇಕು. ಇನ್ನೊಂದು ಗ್ಲಾಸ್ ಬಿಯರ್ ಕುಡೀರಿ!"

ಸೈಲಸ್ ನಗಲಿಲ್ಲ. ಚಾಕು ತಗೊಂಡು ಚಿತ್ರದ ಆ ಮೂಲೆ ಕೆರೆದ. ಕರ... ಕರ... ಕಾಗದ ಸವೆಯಿತು, ಮಸಿ ಹೋಗಲಿಲ್ಲ. ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಮೂಲೆ ಖಾಲಿ. ಹೆಂಗಸು ಬೀದಿ ದಾಟಿ ಬಂದು, ಹುಡುಗಿಯ ಬಾಯಿಗೆ ಲೋಟ ಹಿಡಿದಿದ್ದಳು.

"ಹೆಪ್ಸಿ," ಪಿಸುಗುಟ್ಟಿದ, "ಟಿಲ್ಲಿ ಎಲ್ಲಿ?"

"ಮೇಲೆ... ಮಲಗಿದಾಳೆ."

ಅವಳು ಮೆಟ್ಟಿಲು ಹತ್ತಿ ಓಡಿದಳು. ಮೇಲಿಂದ ಕೂಗು ಬಂತು. "ಮೈ ತಣ್ಣಗಾಗಿದೆ ರೀ! ಏಳ್ತಾನೇ ಇಲ್ಲ!"

ಸೈಲಸ್ ಕೂತಲ್ಲೇ ಚಿತ್ರ ಹತ್ತಿರ ಎಳೆದುಕೊಂಡ. ಲೇಖನಿ ಅದ್ದಿ ಹೊಸ್ತಿಲ ಮೇಲೆ ಮುಚ್ಚಿದ ಬಾಗಿಲು ಬರೆಯತೊಡಗಿದ. ಗೆರೆ, ಅಡ್ಡಗೆರೆ, ಮತ್ತೆ ಗೆರೆ... ಹುಡುಗಿ ಅದರ ಹಿಂದೆ ಮರೆಯಾಗೋ ತನಕ. ಕೊನೆಗೆ ಅಗುಳಿ.

ಟಣ್!

ಮನೆಯ ಬೀದಿಬಾಗಿಲಿಗೆ ತಗಡಿನ ಲೋಟ ತಾಗಿತು. ಒಂದೇ ಸಲ. ಆಮೇಲೆ ಒದ್ದೆ ಹೆಜ್ಜೆಗಳು... ಪಚ್... ಪಚ್... ದೂರ ಹೋದವು.

ಬೆಳಗಾಗೋ ಹೊತ್ತಿಗೆ ಟಿಲ್ಲಿ ಕಣ್ಣು ಬಿಟ್ಟಳು.

"ಯಾಕಪ್ಪಾ ಬಾಗ್ಲು ಹಾಕ್ದೆ? ಆ ಅಕ್ಕ ನೀರು ಕೊಡ್ತಿದ್ಲು. ಒಂದೇ ಗುಟುಕು ಕುಡ್ದಿದ್ದೆ..."

ಟಿಲ್ಲಿ ಬದುಕಿದಳು. ಈಗ ಮದುವೆಯಾಗಿ ಎರಡು ಮಕ್ಕಳ ತಾಯಿ. ಆದರೆ ಅವತ್ತಿನಿಂದ ಅವಳಿಗೆ ಬಾಯಾರಿಕೆ ಅನ್ನೋದೇ ಆಗಿಲ್ಲ. ಯಾರಾದರೂ "ಕುಡಿಯೇ" ಅಂತ ನೆನಪಿಸಬೇಕು. ಸುಳ್ಳಲ್ಲ... ನಿನ್ನೆ ಇದೇ ಕುರ್ಚಿ ಮೇಲೆ ಕೂತಿದ್ದಳು. ನಾನು ಹೇಳೋದು ಮರೆತೆ. ಟೀ ಹಾಗೇ ಆರಿಹೋಯ್ತು.